ಇಷ್ಟವಾದದ್ದು ಗೆಳೆಯರಿಗೂ ತಲುಪಬೇಕಾದರೆ: ಸಣ್ಣಪುಟ್ಟ ಸಂತೋಷಗಳನ್ನು ಹಂಚಿಕೊಳ್ಳಲು ಸಮಗ್ರ ಮಾರ್ಗದರ್ಶಿ

"ಸೂಪರ್ ಆಗಿದೆ, ನೋಡಲೇಬೇಕು" ಎಂಬ ಒಕ್ಕಣೆಯೊಂದಿಗೆ ಬಂದ ಲಿಂಕ್‌ಗಳಲ್ಲಿ ನೀವು ಎಷ್ಟನ್ನು ತೆರೆದಿದ್ದೀರಿ? ನೀವು ಕಳಿಸಿದವುಗಳ ಗತಿಯೂ ಹೆಚ್ಚುಕಡಿಮೆ ಅದೇ. ಗೆಳೆಯರಿಗೆ ನಿಮ್ಮ ಮೇಲೆ ಅಸಡ್ಡೆ ಎಂದೇನೂ ಇಲ್ಲ. ಆ ಸಂದೇಶದಲ್ಲಿ ಅವರಿಗೆ ಬೇಕಾದ ಮಾಹಿತಿಯೇ ಇರುವುದಿಲ್ಲ, ಅಷ್ಟೆ. ಎಷ್ಟು ಹೊತ್ತು ಹಿಡಿಯುತ್ತದೆ, ಎಲ್ಲಿಂದ ಶುರು ಮಾಡಬೇಕು, ನೂರು ಜನರ ನಡುವೆ ನನಗೇ ಯಾಕೆ ಕಳಿಸಿದರು, ಒಂದೂ ತಿಳಿಯುವುದಿಲ್ಲ. ಬಿಡುವಾದಾಗ ನೋಡೋಣ ಎಂದುಕೊಳ್ಳುತ್ತಾರೆ. ಆ ಬಿಡುವು ಬರುವುದೇ ಇಲ್ಲ.

ಇಲ್ಲಿ ಹೇಳಹೊರಟಿರುವುದು ದಿನನಿತ್ಯದ ಚಿಕ್ಕ ವಿಷಯಗಳ ಬಗ್ಗೆ: ಸರಾಗವಾಗಿ ಓಡುವ ಪೆನ್ನು, ಕಣ್ಣಿಗೆ ಚುಚ್ಚದ ಓದುವ ದೀಪ, ನಡೆಯುವಾಗ ಕೇಳುವ ಪಾಡ್‌ಕಾಸ್ಟ್, ಸಂಜೆ ಹತ್ತು ನಿಮಿಷ ಫೋನು ಒಳಗಿಟ್ಟು ಮೆಟ್ಟಿಲ ಮೇಲೆ ಕೂರುವ ಅಭ್ಯಾಸ. ಔಷಧಿ, ಹೂಡಿಕೆ, ವಿಮೆ ಇತ್ಯಾದಿ ಇಲ್ಲಿಗೆ ಸೇರುವುದಿಲ್ಲ. ಅಲ್ಲಿ ಗೆಳೆಯರ ಮೆಚ್ಚುಗೆಗಿಂತ ತಿಳಿದವರ ಮಾತು ಮುಖ್ಯ. ಒಳ್ಳೆಯ ವಸ್ತು ಸಿಗುವುದೇನೂ ಕಷ್ಟವಲ್ಲ. ಅದು ಯಾರ ದಿನದಲ್ಲಿ, ಯಾವ ಹೊತ್ತಿನಲ್ಲಿ ಹೊಂದಿಕೊಳ್ಳುತ್ತದೆ ಎಂದು ಯೋಚಿಸುವುದೇ ಮುಕ್ಕಾಲು ಕೆಲಸ. ಹಾಗಾಗಿ ಕೆಳಗಿನ ಹೆಜ್ಜೆಗಳಲ್ಲಿ ಮೂರನೆಯದಕ್ಕೂ ನಾಲ್ಕನೆಯದಕ್ಕೂ ಹೆಚ್ಚು ಜಾಗ ಕೊಟ್ಟಿದ್ದೇನೆ.

ಹೆಜ್ಜೆ 1: ಮೊದಲು ಬರೆದಿಟ್ಟುಕೊಳ್ಳಿ

ದಿನವೂ ಜೊತೆಗಿರುವ ಒಳ್ಳೆಯದು ಬಹಳ ಬೇಗ ಕಣ್ಣಿಗೆ ಬೀಳದಂತಾಗುತ್ತದೆ. ಹೊಸ ದಿಂಬು ಮೊದಲ ವಾರ ಸುಖ ಕೊಡುತ್ತದೆ, ಆಮೇಲೆ ಅದು ಬರೀ ದಿಂಬು. ಮನೋವಿಜ್ಞಾನಿಗಳಾದ ಫಿಲಿಪ್ ಬ್ರಿಕ್‌ಮನ್ ಮತ್ತು ಡೊನಾಲ್ಡ್ ಕ್ಯಾಂಪ್‌ಬೆಲ್ 1971ರಲ್ಲೇ ಈ ಒಗ್ಗಿಹೋಗುವ ಗುಣದ ಬಗ್ಗೆ ಬರೆದಿದ್ದರು. ಸುಖವಿರಲಿ ಕಷ್ಟವಿರಲಿ, ಮನಸ್ಸು ಅದಕ್ಕೆ ಹೊಂದಿಕೊಂಡು ಹಳೆಯ ಮಟ್ಟಕ್ಕೇ ಮರಳಲು ನೋಡುತ್ತದೆ. "ನಿಂಗೆ ಇಷ್ಟವಾದದ್ದು ಏನಾದರೂ ಹೇಳು" ಎಂದು ಯಾರಾದರೂ ಕೇಳಿದಾಗ ತಲೆ ಖಾಲಿಯಾಗುವುದು ಇದಕ್ಕೇ.

ಆದ್ದರಿಂದ ಬೇರೆ ದಾರಿಯಿಂದ ಹುಡುಕಿ. ಕಳೆದುಹೋದರೆ ಅದೇ ದಿನ ಇನ್ನೊಂದು ತರಿಸಿಕೊಳ್ಳುವಂಥದ್ದು ಯಾವುದು? ಮುಗಿದ ಮೇಲೆ ಹಿಂದುಮುಂದು ನೋಡದೆ ಮತ್ತೆ ಕೊಂಡದ್ದು? ಊರಿಗೆ ಹೊರಟಾಗ ಚೀಲಕ್ಕೆ ಮೊದಲು ಸೇರುವುದು? ಯಾವ ಹತ್ತು ನಿಮಿಷ ತಪ್ಪಿದರೆ ದಿನವಿಡೀ ಏನೋ ಬಿಟ್ಟುಹೋದಂತೆ ಅನ್ನಿಸುತ್ತದೆ? ಈ ಪ್ರಶ್ನೆಗಳಿಗೆ ಸಿಗುವ ಉತ್ತರಗಳು ಸಪ್ಪೆಯಾಗಿ ಕಾಣಬಹುದು. ಆದರೆ ನಿಜಕ್ಕೂ ನಿಮ್ಮವು ಎಂದರೆ ಅವೇ.

ಬರೆದಿಡಲು ವಿಶೇಷ ಆ್ಯಪ್ ಬೇಡ. ವಾಟ್ಸ್‌ಆ್ಯಪ್‌ನಲ್ಲಿ ನಿಮಗೆ ನೀವೇ ಸಂದೇಶ ಕಳಿಸಿಕೊಳ್ಳುವ ಸೌಲಭ್ಯ 2022ರಿಂದ ಇದೆ, ಅದು ಸಾಕು. ಹೆಸರು ಮಾತ್ರ ಬರೆಯಬೇಡಿ, ಆ ಕ್ಷಣವನ್ನೂ ಸೇರಿಸಿ. "ಕಿವಿಗೆ ಹಾಕುವ ಮೃದು ಪ್ಲಗ್" ಎಂದಿದ್ದರೆ ಆರು ತಿಂಗಳ ನಂತರ ಏನೂ ನೆನಪಾಗದು. "ರಾತ್ರಿ ಬಸ್ಸಿನಲ್ಲಿ ಪಕ್ಕದವರು ಫೋನಿನಲ್ಲಿ ಮಾತಾಡುತ್ತಿದ್ದರೂ ನಿದ್ದೆ ಬಂತು" ಎಂದಿದ್ದರೆ ಯಾರಿಗೆ ಹೇಳಬೇಕು ಎಂಬುದೂ ಅದರಲ್ಲೇ ಸಿಗುತ್ತದೆ.

ಹೆಜ್ಜೆ 2: ಯಾವುದನ್ನು ತಡೆದು, ಯಾವುದನ್ನು ತಕ್ಷಣ ಹೇಳಬೇಕು

ಕೊಂಡ ವಸ್ತುವಾದರೆ ಕಾಯಿರಿ. ಪೆಟ್ಟಿಗೆ ಬಿಚ್ಚಿದ ದಿನದ ಉತ್ಸಾಹ ನಂಬುವಂಥದ್ದಲ್ಲ. ಹೊಸತನ ಹೋದ ಮೇಲೂ ಕೈ ಅದನ್ನೇ ಹುಡುಕುತ್ತಿದೆಯೇ, ಒಮ್ಮೆಯಾದರೂ ತೊಳೆದು, ಬೀಳಿಸಿ, ಮರೆತು ನೋಡಿದ್ದಾಗಿದೆಯೇ? ಹಾಗಿದ್ದರೆ ಹೇಳಬಹುದು. ಪುಸ್ತಕ, ಧಾರಾವಾಹಿಗಳ ವಿಷಯದಲ್ಲಿ ಕೊನೆಯವರೆಗೆ ಹೋಗಿ ಬನ್ನಿ. ಅರ್ಧ ನೋಡಿ ಹೊಗಳಿದ ಧಾರಾವಾಹಿ ಕೊನೆಯಲ್ಲಿ ಕೈಕೊಟ್ಟರೆ ಬೈಗುಳ ನಿಮಗೇ.

ಹೊತ್ತು ಮೀರಿದರೆ ಸಿಗದವನ್ನು ಮಾತ್ರ ಕೂಡಲೇ ಹಂಚಿ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ತಲೆಯ ಮೇಲೆ ಹಾದುಹೋಗುವುದನ್ನು ನೋಡುವ ಸುಖ ಅಂಥದ್ದು. ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ, ಹೆಚ್ಚುಕಡಿಮೆ 90 ನಿಮಿಷಕ್ಕೊಮ್ಮೆ ಅದು ಭೂಮಿಯನ್ನು ಸುತ್ತುತ್ತದೆ. ಸೂರ್ಯ ಮುಳುಗಿದ ಸ್ವಲ್ಪ ಹೊತ್ತಿಗೆ ಅಥವಾ ಮೂಡುವ ಮುಂಚೆ, ನೆಲದಲ್ಲಿ ಕತ್ತಲಿದ್ದರೂ ಅಷ್ಟೆತ್ತರದಲ್ಲಿ ಬಿಸಿಲಿರುವುದರಿಂದ ಹೊಳೆಯುತ್ತದೆ. ಮಿನುಗುವುದಿಲ್ಲ, ಸದ್ದಿಲ್ಲ, ಕೆಲವೇ ನಿಮಿಷಗಳಲ್ಲಿ ಮರೆಯಾಗುತ್ತದೆ. ನಿಮ್ಮ ಜಾಗಕ್ಕೆ ಅದು ಯಾವಾಗ ಬರುತ್ತದೆ ಎಂದು ನಾಸಾದ 'ಸ್ಪಾಟ್ ದಿ ಸ್ಟೇಷನ್' ಸೇವೆ ಉಚಿತವಾಗಿ ತಿಳಿಸುತ್ತದೆ. ಆಗಸ್ಟ್ 12-13ರ ಸುಮಾರಿಗೆ ಪರ್ಸಿಯಿಡ್, ಡಿಸೆಂಬರ್ 13-14ರ ಸುಮಾರಿಗೆ ಜೆಮಿನಿಡ್ ಉಲ್ಕಾವೃಷ್ಟಿಗಳೂ ಇದೇ ಸಾಲಿನವು. ಇವನ್ನು ಒಂದು ದಿನ ಮುಂಚೆ ನೆನಪಿಸುವ ಗೆಳೆಯ ಒಬ್ಬನಿದ್ದರೆ ಸಾಕು.

ಕಾಸು ಖರ್ಚಿಲ್ಲದವಕ್ಕೆ ನಾನು ಯಾವಾಗಲೂ ಮೊದಲ ಸ್ಥಾನ ಕೊಡುತ್ತೇನೆ. ಕೇಳುವವರಿಗೆ ಪ್ರಯತ್ನಿಸಿ ನೋಡಲು ಏನೂ ತಗಲುವುದಿಲ್ಲ, ಇಷ್ಟವಾಗದಿದ್ದರೆ ನಿಮ್ಮ ಮೇಲೆ ಮುನಿಸೂ ಇಲ್ಲ. ಹಕ್ಕಿಯ ದನಿ ಕೇಳಿ ಹೆಸರು ಸೂಚಿಸುವ ಕಾರ್ನೆಲ್ ವಿಶ್ವವಿದ್ಯಾಲಯದ 'ಮರ್ಲಿನ್' ಆ್ಯಪ್, ಕೃತಿಸ್ವಾಮ್ಯ ಮುಗಿದ ಪುಸ್ತಕಗಳನ್ನು ಸ್ವಯಂಸೇವಕರು ಓದಿ ಧ್ವನಿಮುದ್ರಿಸುವ, 2005ರಿಂದ ನಡೆಯುತ್ತಿರುವ 'ಲಿಬ್ರಿವಾಕ್ಸ್' ಈ ಬಗೆಯವು.

ಹೆಜ್ಜೆ 3: ಯಾರಿಗೆ?

1931ರಲ್ಲಿ ಆರ್ಥರ್ ಫಾಕ್ಸ್ ಎಂಬ ರಸಾಯನಶಾಸ್ತ್ರಜ್ಞ ಪಿಟಿಸಿ ಎಂಬ ಪುಡಿಯನ್ನು ಸೀಸೆಗೆ ಸುರಿಯುತ್ತಿದ್ದಾಗ ಒಂದಿಷ್ಟು ಗಾಳಿಗೆ ಹಾರಿತು. ಪಕ್ಕದಲ್ಲಿದ್ದ ಸಹೋದ್ಯೋಗಿ ಬಾಯೆಲ್ಲ ಕಹಿ ಎಂದು ಗೊಣಗಿದರು. ಪುಡಿಗೆ ಇನ್ನೂ ಹತ್ತಿರ ನಿಂತಿದ್ದ ಫಾಕ್ಸ್‌ಗೆ ಏನೂ ಅನ್ನಿಸಿರಲಿಲ್ಲ. ಇಬ್ಬರೂ ನಾಲಿಗೆಗೆ ಹಚ್ಚಿಕೊಂಡು ನೋಡಿದರೂ ಅದೇ ಕಥೆ. ಆ ಕಹಿ ಗೊತ್ತಾಗುವುದು ಬಿಡುವುದು ಬಹುಮಟ್ಟಿಗೆ ಹುಟ್ಟಿನಿಂದ ಬಂದದ್ದು ಎಂದು ಆಮೇಲೆ ತಿಳಿಯಿತು. ಅದರ ಹಿಂದಿನ ಮುಖ್ಯ ಜೀನ್ ಪತ್ತೆಯಾದದ್ದು 2003ರಲ್ಲಿ. ಒಂದೇ ಪುಡಿಯ ವಿಷಯದಲ್ಲೇ ಇಬ್ಬರ ನಾಲಿಗೆ ಹೀಗೆ ಬೇರೆಯಾದರೆ, ಹಾಡು, ಹಾಸ್ಯ, ಸುವಾಸನೆಗಳ ಮಾತೇನು! "ಎಲ್ಲರಿಗೂ ಇಷ್ಟವಾಗುತ್ತೆ" ಎಂಬ ಮಾತನ್ನು ನಿಮ್ಮ ಸಂದೇಶಗಳಿಂದ ಕಿತ್ತುಹಾಕಿ.

ಅಭಿರುಚಿಗಿಂತಲೂ ಹೆಚ್ಚಾಗಿ ನೋಡಬೇಕಾದದ್ದು ಪರಿಸ್ಥಿತಿಯನ್ನು. ಎಳೆಗೂಸಿನ ತಾಯಿಯಾದ ಗೆಳತಿ ಎಷ್ಟೇ ದೊಡ್ಡ ಓದುಗಾರ್ತಿಯಾಗಿರಲಿ, ಈಗ ಅವಳಿಗೆ 600 ಪುಟದ ಕಾದಂಬರಿ ಹೇಳಿದರೆ ಹೊರೆ. ಒಂದು ಕೈಯಲ್ಲಿ ಮಗು ಹಿಡಿದು ಕೇಳಬಹುದಾದ ಹದಿನೈದು ನಿಮಿಷದ ಕತೆ ಹೇಳಿದರೆ ಉಪಕಾರ. ಕೆಲಸ ಕಳೆದುಕೊಂಡವನಿಗೆ ದುಬಾರಿ ಹೆಡ್‌ಫೋನ್ ಹೊಗಳಬೇಡಿ. ಹೊಸ ಊರಿಗೆ ಬಂದು ಒಂಟಿಯಾದವಳಿಗೆ ಮನೆಯೊಳಗೆ ಕೂತು ನೋಡುವ ಇನ್ನೊಂದು ಧಾರಾವಾಹಿಗಿಂತ ಜನರ ನಡುವೆ ಕರೆದೊಯ್ಯುವಂಥದ್ದು ಹೇಳಿ.

ನನ್ನ ಪರೀಕ್ಷೆ ಸರಳ. "ಇದು ನಿಂಗೇ ಯಾಕೆ ಅಂದರೆ…" ಎಂಬ ವಾಕ್ಯವನ್ನು ಮುಗಿಸಲು ಆಗುತ್ತದೆಯೇ? ಆಗದಿದ್ದರೆ ಇನ್ನೂ ಕಳಿಸುವ ಹೊತ್ತು ಬಂದಿಲ್ಲ. ಬರೆದಿಟ್ಟುಕೊಂಡಿದ್ದೀರಲ್ಲ, ಸರಿಯಾದ ಮನುಷ್ಯ ನೆನಪಾಗುವವರೆಗೆ ಅಲ್ಲೇ ಇರಲಿ.

ಎಚ್ಚರ ಬೇಕಾದ ಒಂದು ಜಾಗವಿದೆ. ಕೇಳದೆ ಕೊಟ್ಟ ಕೆಲವು ಸಲಹೆಗಳು ಹೇಳದೆಯೇ ಬೇರೇನನ್ನೋ ಹೇಳುತ್ತವೆ. ಮೊಡವೆಗೆ ಹಚ್ಚುವ ಕ್ರೀಮು, ತೂಕ ಇಳಿಸುವ ಆ್ಯಪ್, ಮನೆ ಒಪ್ಪವಾಗಿಡುವ ಪೆಟ್ಟಿಗೆ, ಸಮಯಪಾಲನೆಯ ಪುಸ್ತಕ. ನಿಮ್ಮ ಮನಸ್ಸಿನಲ್ಲಿ ಬರೀ ಉತ್ಸಾಹವೇ ಇರಬಹುದು, ಆದರೆ ಅವರ ಕಿವಿಗೆ ಬೀಳುವುದು ದೂರು. ಇಂಥವನ್ನು ಅವರಾಗಿ ಕೇಳಿದಾಗ ಮಾತ್ರ ಹೇಳಿ. ತೀರಾ ಹೇಳಲೇಬೇಕು ಅನ್ನಿಸಿದರೆ "ನಾನು ಇತ್ತೀಚೆಗೆ ಇದನ್ನು ಬಳಸ್ತಿದೀನಿ" ಎಂದು ನಿಮ್ಮ ಸುದ್ದಿಯಾಗಿ ಹೇಳಿ ಸುಮ್ಮನಾಗಿ.

ಹೆಜ್ಜೆ 4: ಹೇಳುವ ಬಗೆ

ನಮ್ಮ ತಲೆಯಲ್ಲಿ ಹಾಡು ಪೂರ್ತಿ ಕೇಳಿಸುತ್ತಿರುತ್ತದೆ, ಎದುರಿನವರಿಗೆ ಕೇಳಿಸುವುದು ಬರೀ ಟಕ್ ಟಕ್. ಇದನ್ನು 1990ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಎಲಿಜಬೆತ್ ನ್ಯೂಟನ್ ಅಕ್ಷರಶಃ ಪರೀಕ್ಷಿಸಿದ್ದರು. ಕೆಲವರು ಎಲ್ಲರಿಗೂ ಗೊತ್ತಿರುವ ಹಾಡುಗಳ ತಾಳವನ್ನು ಮೇಜಿನ ಮೇಲೆ ಬೆರಳಿನಿಂದ ಕುಟ್ಟಬೇಕು, ಕೇಳುವವರು ಹಾಡು ಯಾವುದೆಂದು ಹೇಳಬೇಕು. ಅರ್ಧದಷ್ಟಾದರೂ ಗುರುತಿಸುತ್ತಾರೆ ಎಂದು ಕುಟ್ಟಿದವರು ಅಂದಾಜು ಮಾಡಿದ್ದರು. 120 ಹಾಡುಗಳಲ್ಲಿ ಗುರುತು ಸಿಕ್ಕಿದ್ದು ಮೂರು. "ಅಯ್ಯೋ ಸಖತ್ತಾಗಿದೆ ಕಣೇ" ಎಂದು ಬರೆದಾಗ ನಾವು ಮಾಡುವುದು ಇದೇ ಮೇಜು ಕುಟ್ಟುವ ಕೆಲಸ.

ಹಾಗಾದರೆ ಸಂದೇಶದಲ್ಲಿ ಏನಿರಬೇಕು? ಅದು ಏನು, ನಿನಗೇ ಯಾಕೆ, ಎಲ್ಲಿ ಕೊರತೆಯಿದೆ, ಎಲ್ಲಿಂದ ಶುರು ಮಾಡಬೇಕು. ಇವಿಷ್ಟೂ ಮೂರು ನಾಲ್ಕು ಸಾಲಿನಲ್ಲಿ ಹಿಡಿಸುತ್ತವೆ. ಒಂದು ಮಾದರಿ:

"ನೀನು ನಡೆಯೋವಾಗ ಹಾಡು ಬೇಜಾರಾಗಿದೆ ಅಂತಿದ್ದೆಯಲ್ಲ, ಈ ಪಾಡ್‌ಕಾಸ್ಟ್ ನೋಡು. ಹಳೇ ಸೇತುವೆಗಳನ್ನ ಹೇಗೆ ಕಟ್ಟಿದ್ರು ಅನ್ನೋ ಕತೆಗಳು. ಒಂದೊಂದು ಕಂತು ಇಪ್ಪತ್ತೈದು ನಿಮಿಷ, ನಿನ್ನ ವಾಕಿಂಗಿಗೆ ಸರಿಯಾಗತ್ತೆ. ಮೊದಲ ಐದು ನಿಮಿಷ ಬರೀ ಹರಟೆ, ಅದನ್ನ ಹಾರಿಸು. ಮೂರನೇ ಕಂತಿನಿಂದ ಶುರು ಮಾಡು, ಹಿಡಿಸದಿದ್ರೆ ಬಿಟ್ಟುಬಿಡು."

ಇದರಲ್ಲಿ ಕೆಲಸ ಮಾಡುವುದು ಹೊಗಳಿಕೆಯಲ್ಲ, "ಮೊದಲ ಐದು ನಿಮಿಷ ಬರೀ ಹರಟೆ" ಎಂಬ ಮಾತು. ಕೊರತೆಯನ್ನು ನೀವೇ ಹೇಳಿಬಿಟ್ಟರೆ ಉಳಿದದ್ದನ್ನು ನಂಬುತ್ತಾರೆ, ಜೊತೆಗೆ ಆ ಹರಟೆಗೇ ಬೇಸತ್ತು ಮುಚ್ಚುವುದೂ ತಪ್ಪುತ್ತದೆ. ಕೊರತೆಯೇ ಇಲ್ಲ ಅನ್ನಿಸಿದರೆ ನೀವಿನ್ನೂ ಹೊಸ ಮೋಹದಲ್ಲಿದ್ದೀರಿ, ಎರಡನೇ ಹೆಜ್ಜೆಗೆ ವಾಪಸ್ಸು ಹೋಗಿ.

"ಹಿಡಿಸದಿದ್ರೆ ಬಿಟ್ಟುಬಿಡು" ಎನ್ನುವುದಕ್ಕೂ ಕಾರಣವಿದೆ. ತಮ್ಮ ಆಯ್ಕೆಗೆ ಅಡ್ಡ ಬಂದಂತೆ ಅನ್ನಿಸಿದರೆ ಜನ ಬೇಕೆಂದೇ ಎದುರು ಹೋಗುತ್ತಾರೆ ಎಂದು ಮನೋವಿಜ್ಞಾನಿ ಜಾಕ್ ಬ್ರೆಮ್ 1966ರಲ್ಲಿ ವಿವರಿಸಿದ್ದರು. "ನೋಡಲೇಬೇಕು", "ಇನ್ನೂ ಓದಿಲ್ವಾ?" ಎಂಬ ಮಾತುಗಳು ಒಳಗೊಳಗೇ ಮೊಂಡುತನ ಹುಟ್ಟಿಸುವುದನ್ನು ನೀವೂ ಅನುಭವಿಸಿರುತ್ತೀರಿ. ಬಾಗಿಲು ತೆರೆದಿಟ್ಟರೆ ಒಳಗೆ ಬರುವವರು ಹೆಚ್ಚು.

ಕತೆ, ಸಿನಿಮಾಗಳ ವಿಷಯದಲ್ಲಿ ಎಷ್ಟು ಬಿಟ್ಟುಕೊಡಬೇಕು? ಲೀವಿಟ್ ಮತ್ತು ಕ್ರಿಸ್ಟನ್‌ಫೆಲ್ಡ್ ಎಂಬ ಸಂಶೋಧಕರು 2011ರಲ್ಲಿ ಸಣ್ಣಕತೆಗಳನ್ನು ಓದಲು ಕೊಟ್ಟು ನೋಡಿದಾಗ, ಕೊನೆ ಮೊದಲೇ ತಿಳಿದಿದ್ದವರು ಸ್ವಲ್ಪ ಹೆಚ್ಚೇ ಖುಷಿಪಟ್ಟಿದ್ದರು. ಆಮೇಲೆ ಬಂದ ಕೆಲವು ಅಧ್ಯಯನಗಳಲ್ಲಿ ಇದಕ್ಕೆ ವಿರುದ್ಧವಾದ ಫಲಿತಾಂಶ ಬಂತು. ವಿಜ್ಞಾನ ತೀರ್ಮಾನಿಸುವವರೆಗೆ ಗೆಳೆತನ ಉಳಿಸಿಕೊಳ್ಳುವುದು ಮೇಲು: ಕಥೆ ಹೇಳಬೇಡಿ, ಭಾವ ಹೇಳಿ. "ನಿಧಾನ, ಜಾಸ್ತಿ ಏನೂ ನಡೆಯಲ್ಲ, ಆದರೆ ಮಳೆಗಾಲದ ಮಧ್ಯಾಹ್ನದ ಹಾಗಿದೆ" ಎಂದರೆ ಬೇಕಾದವರು ಬರುತ್ತಾರೆ, ಬೇಡದವರು ಪಾರಾಗುತ್ತಾರೆ. ನಾಯಿ ಸಾಯುತ್ತದೆ, ಆಸ್ಪತ್ರೆಯ ದೃಶ್ಯಗಳಿವೆ ಎಂಬಂಥ ಎಚ್ಚರಿಕೆ ಮಾತ್ರ ಕೊಡಲೇಬೇಕು, ಅದರಲ್ಲೂ ಅವರು ಇತ್ತೀಚೆಗೆ ಅಂಥದ್ದನ್ನು ಅನುಭವಿಸಿದ್ದರೆ.

ವಸ್ತುವಾದರೆ ನಿಖರತೆ ಬೇಕು. "ಆ ನೀಲಿ ಪೆನ್ನು" ಸಾಲದು, ಮೊನೆ 0.5 ಮಿಲಿಮೀಟರೋ 0.7 ಮಿಲಿಮೀಟರೋ ಎಂಬುದರಿಂದಲೇ ಅನುಭವ ಬದಲಾಗುತ್ತದೆ. ಕಂಪನಿ, ಮಾದರಿ, ಅಳತೆ ಇರುವ ಚೀಟಿಯದ್ದೇ ಫೋಟೊ ತೆಗೆದು ಕಳಿಸಿ. ಲಿಂಕ್ ಆದರೆ ಮುಖಪುಟದ್ದಲ್ಲ, ನೇರ ಆ ಪುಟದ್ದು. ಉದ್ದ ವಿಡಿಯೊ ಇದ್ದರೆ ಬೇಕಾದ ನಿಮಿಷದಿಂದಲೇ ಶುರುವಾಗುವ ಲಿಂಕ್ ಕೊಡಿ, ಯೂಟ್ಯೂಬ್‌ನಲ್ಲಿ ಅದಕ್ಕೆ ಅವಕಾಶವಿದೆ. ಲೇಖನಗಳ ಲಿಂಕಿನ ಬಾಲದಲ್ಲಿ ಪ್ರಶ್ನಾರ್ಥಕ ಚಿಹ್ನೆಯ ನಂತರ ಬರುವ ಉದ್ದನೆಯ ಅಕ್ಷರಗಳು ಬಹಳ ಸಲ ಯಾರು ಎಲ್ಲಿಂದ ಬಂದರು ಎಂದು ಜಾಡು ಹಿಡಿಯಲು ಇರುವಂಥವು. ಅಳಿಸಿ, ಪುಟ ಸರಿಯಾಗಿ ತೆರೆಯುತ್ತದೆಯೇ ಎಂದು ನೋಡಿ ಕಳಿಸಿ. ಎಲ್ಲ ಕಡೆ ಅಳಿಸಲು ಬರುವುದಿಲ್ಲ, ಕೆಲವು ಲಿಂಕ್‌ಗಳಲ್ಲಿ ವಿಡಿಯೊದ ಗುರುತೇ ಆ ಬಾಲದಲ್ಲಿರುತ್ತದೆ.

ಅಭ್ಯಾಸಗಳನ್ನು ಹಂಚುವುದು ಎಲ್ಲಕ್ಕಿಂತ ಕಷ್ಟ, ಉಪದೇಶದ ವಾಸನೆ ಬೇಗ ಹತ್ತುತ್ತದೆ. ಅವನ್ನು ಬರವಣಿಗೆಯಲ್ಲಿ ಹೇಳದೆ ಜೊತೆಯಲ್ಲಿ ಮಾಡಿ ತೋರಿಸುವುದೇ ಒಳ್ಳೆಯದು. ಇಲ್ಲವೇ ಧ್ವನಿ ಸಂದೇಶ ಕಳಿಸಿ. ಅಕ್ಷರದಲ್ಲಿ ಅಪ್ಪಣೆಯಂತೆ ಕಾಣುವುದು ದನಿಯಲ್ಲಿ ಹರಟೆಯಂತೆ ಕೇಳುತ್ತದೆ.

ಹೆಜ್ಜೆ 5: ಒಂದು ಸಲಕ್ಕೆ ಒಂದೇ

ಅಂಗಡಿಯೊಂದರಲ್ಲಿ 24 ಬಗೆಯ ಜಾಮ್ ಇಟ್ಟಾಗ ಅಲ್ಲಿ ನಿಂತವರಲ್ಲಿ ಕೊಂಡವರು ಶೇ. 3, ಆರು ಬಗೆ ಮಾತ್ರ ಇಟ್ಟಾಗ ಶೇ. 30 ಎಂಬ, ಮನೋವಿಜ್ಞಾನಿಗಳಾದ ಶೀನಾ ಐಯಂಗಾರ್ ಮತ್ತು ಮಾರ್ಕ್ ಲೆಪ್ಪರ್ ಅವರ 2000ದ ಪ್ರಯೋಗವನ್ನು ನೀವು ಕೇಳಿರಬಹುದು. ಅದನ್ನು ಎಲ್ಲದಕ್ಕೂ ಅನ್ವಯಿಸುವವರಿದ್ದಾರೆ. ಆದರೆ ಅಂಥ ಹಲವಾರು ಪ್ರಯೋಗಗಳನ್ನು 2010ರಲ್ಲಿ ಒಟ್ಟಿಗೆ ಇಟ್ಟು ಲೆಕ್ಕ ಹಾಕಿದಾಗ ಸರಾಸರಿ ಪರಿಣಾಮ ಹೆಚ್ಚುಕಡಿಮೆ ಸೊನ್ನೆ ಎಂದು ಕಂಡಿತು. ಒಂದೇ ಕಳಿಸಿ ಎನ್ನಲು ನನ್ನ ಕಾರಣ ಬೇರೆ. ಹತ್ತು ಹೆಸರುಗಳ ಪಟ್ಟಿ ಕಳಿಸಿದರೆ ಆರಿಸುವ ಕೆಲಸವನ್ನು ಗೆಳೆಯರ ತಲೆಗೆ ಕಟ್ಟಿದಂತೆ. ಒಂದನ್ನೇ ಕಳಿಸಿದರೆ ಆ ಕೆಲಸ ನೀವು ಮಾಡಿಕೊಟ್ಟಿರಿ.

ಹೆಜ್ಜೆ 6: ಗುಂಪಿನಲ್ಲಿ ಹಂಚುವುದಾದರೆ

ಗುಂಪಿನ ಚಾಟ್‌ನಲ್ಲಿ ಹಾಕಿದ ಒಳ್ಳೆಯ ಸಲಹೆ ಹುಟ್ಟುಹಬ್ಬದ ಶುಭಾಶಯಗಳ ಅಡಿಯಲ್ಲಿ ಅರ್ಧ ಗಂಟೆಯಲ್ಲಿ ಹೂತುಹೋಗುತ್ತದೆ. ನಾಲ್ಕೈದು ಆಪ್ತರಿದ್ದರೆ ಬೇರೊಂದು ಹಂಚಿಕೆಯ ಕಡತ ಮಾಡಿ. ತಿಂಗಳಿಗೊಮ್ಮೆ, ಒಬ್ಬರಿಗೆ ಒಂದೇ ನಮೂದು. ವಿಷಯ, ಹೇಳಿದವರು, ಯಾವ ಹೊತ್ತಿಗೆ ಒದಗುತ್ತದೆ, ಪ್ರಯತ್ನಿಸಿದವರು ಏನೆಂದರು ಎಂಬ ನಾಲ್ಕು ಅಂಕಣ ಸಾಕು. ಕೊನೆಯ ಅಂಕಣದಲ್ಲಿ "ನಂಗೆ ಹಿಡಿಸಲಿಲ್ಲ" ಎಂದು ಬರೆಯಲು ಮೊದಲ ದಿನವೇ ಪರವಾನಗಿ ಕೊಡಿ. ಎಲ್ಲವನ್ನೂ ಎಲ್ಲರೂ ಹೊಗಳುವ ಪಟ್ಟಿಯನ್ನು ಎರಡನೇ ತಿಂಗಳಿನಿಂದ ಯಾರೂ ತೆರೆಯುವುದಿಲ್ಲ.

ಸಾಧ್ಯವಾದರೆ ಒಂದನ್ನು ಎಲ್ಲರೂ ಒಂದೇ ಹೊತ್ತಿಗೆ ಅನುಭವಿಸಿ. ಪಕ್ಕದವರೂ ಅದನ್ನೇ ಸವಿಯುತ್ತಿದ್ದಾರೆ ಎಂದು ತಿಳಿದಾಗ, ಮಾತಾಡದಿದ್ದರೂ, ಚಾಕೊಲೇಟ್ ಹೆಚ್ಚು ಹಿತವೆನಿಸಿದ್ದನ್ನು ಬೂತ್‌ಬಿ, ಕ್ಲಾರ್ಕ್ ಮತ್ತು ಬಾರ್ಗ್ ಎಂಬ ಸಂಶೋಧಕರು 2014ರಲ್ಲಿ ವರದಿ ಮಾಡಿದ್ದರು. ರುಚಿ ಕೆಟ್ಟದಾಗಿದ್ದರೆ ಕೆಟ್ಟದ್ದೂ ಹೆಚ್ಚೇ ಆಗಿತ್ತು ಎನ್ನುವುದು ಅದರ ಇನ್ನೊಂದು ಮುಖ, ಆದ್ದರಿಂದ ನೋಡಿ ಆರಿಸಿ. ದೂರದ ಊರುಗಳಲ್ಲಿದ್ದರೂ ರಾತ್ರಿ ಒಂಬತ್ತಕ್ಕೆ ಒಂದೇ ಹಾಡನ್ನು ಎಲ್ಲರೂ ಹಾಕಿಕೊಳ್ಳಬಹುದು. ಸುಮ್ಮನೆ ಮಾಡಿ ನೋಡಿ, ಚೆನ್ನಾಗಿರುತ್ತದೆ.

ಹೆಜ್ಜೆ 7: ಕಳಿಸಿದ ಮೇಲೆ ಬೆನ್ನು ಹತ್ತಬೇಡಿ

"ನೋಡಿದೆಯಾ?" ಎಂದು ಕೇಳಿದ ಕ್ಷಣ ಸಂತೋಷ ಹೋಂವರ್ಕ್ ಆಗಿಬಿಡುತ್ತದೆ. ಕೇಳಲೇಬೇಡಿ. ಅವರಾಗಿ ಹೇಳಿದರೆ ಖುಷಿಪಡಿ, ಹಿಡಿಸಲಿಲ್ಲ ಎಂದರೆ ವಾದಕ್ಕಿಳಿಯದೆ ಏನು ಹಿಡಿಸಲಿಲ್ಲ ಎಂದು ಕೇಳಿಕೊಳ್ಳಿ. ಮುಂದಿನ ಸಲಹೆಗೆ ಅದಕ್ಕಿಂತ ಒಳ್ಳೆಯ ಮಾಹಿತಿ ಸಿಗದು. ನಿಮ್ಮ ಲಿಂಕಿನಿಂದ ಅವರು ಕೊಂಡರೆ ನಿಮಗೆ ರಿಯಾಯಿತಿಯೋ ಹಣವೋ ಬರುವಂತಿದ್ದರೆ ಅದನ್ನು ಸಂದೇಶದಲ್ಲೇ ಹೇಳಿ. ಆಮೇಲೆ ಗೊತ್ತಾದರೆ ಹಿಂದೆ ಹೇಳಿದ್ದೆಲ್ಲವೂ ಅನುಮಾನಕ್ಕೆ ಬೀಳುತ್ತದೆ.

ಹೆಜ್ಜೆ 8: ಕೇಳುವುದನ್ನೂ ಪಡೆಯುವುದನ್ನೂ ಕಲಿಯಿರಿ

"ಏನಾದರೂ ಒಳ್ಳೇದು ಹೇಳ್ರಪ್ಪಾ" ಎಂದರೆ ಯಾರಿಗೂ ಏನೂ ಹೊಳೆಯುವುದಿಲ್ಲ. "ದಿನಾ ನಲವತ್ತು ನಿಮಿಷ ಬಸ್ಸು, ಕಣ್ಣು ದಣಿದಿರತ್ತೆ, ನಗಿಸೋ ಅಂಥದ್ದು ಏನಾದ್ರೂ ಕೇಳೋಕೆ ಇದ್ಯಾ?" ಎಂದು ಕೇಳಿ. ಹೊತ್ತು, ದಣಿವು, ಮನಸ್ಥಿತಿ ಮೂರೂ ಸಿಕ್ಕವು, ಉತ್ತರಿಸುವುದು ಸುಲಭವಾಯಿತು.

ಗೆಳೆಯರು ಖುಷಿಯಿಂದ ಏನನ್ನಾದರೂ ಹೇಳಿದಾಗ ನೀವು ಹೇಗೆ ಸ್ಪಂದಿಸುತ್ತೀರಿ ಎಂಬುದು ಅವರು ಮುಂದೆ ಹೇಳುತ್ತಾರೋ ಇಲ್ಲವೋ ಎಂಬುದನ್ನು ನಿರ್ಧರಿಸುತ್ತದೆ. ಒಳ್ಳೆಯ ಸುದ್ದಿಗೆ ಆಸಕ್ತಿಯಿಂದ, ಪ್ರಶ್ನೆ ಕೇಳುತ್ತಾ ಸ್ಪಂದಿಸುವ ಸಂಗಾತಿಯಿದ್ದ ಸಂಬಂಧಗಳಲ್ಲಿ ತೃಪ್ತಿ ಹೆಚ್ಚಿರುವುದನ್ನು ಮನೋವಿಜ್ಞಾನಿ ಶೆಲ್ಲಿ ಗೇಬಲ್ ಮತ್ತು ಸಂಗಡಿಗರು 2004ರಲ್ಲಿ ಗುರುತಿಸಿದ್ದರು. ಬರೀ ಹೆಬ್ಬೆರಳಿನ ಎಮೋಜಿ ಹಾಕಿದರೆ ಮಾತು ಅಲ್ಲಿಗೇ ನಿಂತಿತು. ಈಗ ನೋಡಲು ಆಗದಿದ್ದರೂ "ಇದು ನಿಂಗೆ ಹೇಗೆ ಸಿಕ್ತು?" ಎಂದು ಕೇಳಬಹುದಲ್ಲ. ಬೇಡವಾದದ್ದಾದರೆ "ಈ ತಿಂಗಳು ತಲೆ ತುಂಬಿದೆ, ಆಗಲ್ಲ ಮಾರಾಯ" ಎಂದು ನೇರವಾಗಿ ಹೇಳಿ. ನೋಡುತ್ತೇನೆ ಎಂದು ವರ್ಷಗಟ್ಟಲೆ ತೇಲಿಸುವುದಕ್ಕಿಂತ ಅದು ವಾಸಿ. ನೋಡಿ ಮೆಚ್ಚಿದ್ದರೆ "ಚೆನ್ನಾಗಿತ್ತು" ಎಂಬಲ್ಲಿಗೆ ನಿಲ್ಲಿಸಬೇಡಿ. ಯಾವ ಪುಟ, ಯಾವ ಸಾಲು, ಯಾವ ನಿಮಿಷ ಎಂದು ಹೇಳಿ. ಆಗಲೇ ಕಳಿಸಿದವರಿಗೆ ತಮ್ಮ ಮೆಚ್ಚಿನದು ಮತ್ತೆ ಹೊಸದಾಗಿ ಕಾಣುವುದು.

ಹೆಜ್ಜೆ 9: ಹಳತನ್ನು ವಾಪಸ್ಸು ಪಡೆಯಿರಿ

ಇದನ್ನು ಮಾಡುವವರು ಕಡಿಮೆ. ಕಂಪನಿಯವರು ಸದ್ದಿಲ್ಲದೆ ವಸ್ತುವಿನ ಗುಣಮಟ್ಟ ಇಳಿಸುತ್ತಾರೆ, ಉಚಿತವಾಗಿದ್ದ ಆ್ಯಪ್ ಜಾಹೀರಾತಿನಿಂದ ತುಂಬಿಹೋಗುತ್ತದೆ, ನಿಮಗೇ ಅದು ಸಾಕೆನಿಸಿರುತ್ತದೆ. ನಿಮ್ಮ ಮಾತು ನಂಬಿದವರು ಮಾತ್ರ ಅದನ್ನೇ ಇನ್ನೂ ಕೊಳ್ಳುತ್ತಿರುತ್ತಾರೆ, ಮತ್ತೊಬ್ಬರಿಗೂ ಹೇಳುತ್ತಿರುತ್ತಾರೆ. ವರ್ಷಕ್ಕೆ ಒಂದೆರಡು ಸಲ ಹಳೆಯ ಟಿಪ್ಪಣಿಗಳ ಮೇಲೆ ಕಣ್ಣಾಡಿಸಿ, ಬದಲಾದದ್ದು ಕಂಡರೆ ಒಂದು ಸಾಲು ಕಳಿಸಿ: "ಆ ನೋಟ್‌ಬುಕ್ ಹೇಳಿದ್ನಲ್ಲ, ಈಗ ಕಾಗದ ತೆಳು ಮಾಡಿದಾರೆ, ಶಾಯಿ ಹಿಂದಕ್ಕೆ ಇಳಿಯತ್ತೆ. ಹೊಸದು ತಗೋಬೇಡ." ಕಡತದಲ್ಲಿದ್ದರೆ ಆ ನಮೂದನ್ನು ಅಳಿಸಬೇಡಿ, ಮೇಲೆ ಗೆರೆ ಎಳೆದು ಪಕ್ಕದಲ್ಲಿ ಕಾರಣ ಬರೆಯಿರಿ. ಅಳಿಸಿಬಿಟ್ಟರೆ ಮುಂದಿನ ವರ್ಷ ಇನ್ಯಾರೋ ಅದನ್ನೇ ಹೊಸದಾಗಿ ಸೇರಿಸುತ್ತಾರೆ.